ಇಪ್ಪತ್ತೆರಡು ಬಾಯಿಗಳ ಅಳತೆ

ಇದು ನಡೆದ ಕಥೆ. ನಡೆದದ್ದಷ್ಟೇ ಅಲ್ಲ, ನಡುವೆ ಎರಡು ಸಲ ಓಡಿತು, ಒಂದು ಸಲ ಎಡವಿತು, ಕೊನೆಗೆ ನರ್ಸರಿ ಶಾಲೆಯ ಮೊಣಕಾಲೆತ್ತರದ ಕುರ್ಚಿಯಲ್ಲಿ ಕೂತು ಏಳಲಾರದೆ ಒದ್ದಾಡಿತು. ನಂಬದವರು ಇದರಲ್ಲಿ ಬರುವ ಯಾರನ್ನು ಬೇಕಾದರೂ ವಿಚಾರಿಸಬಹುದು. ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಸತ್ಯಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಬೀದಿಯವರೆಲ್ಲ ಅವನನ್ನು ಸೆಟ್ಟಣ್ಣ ಎನ್ನುತ್ತಿದ್ದರು. ಅಂಗಡಿಯ ಶೆಟ್ಟರಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ, ಹಾಗಾಗಿ ಸೆಟ್ಟಣ್ಣ. ಮೇಣ, ಪ್ಲಾಸ್ಟರು, ಅಚ್ಚು, ತಿರುಪಿನ ಪ್ರೆಸ್ಸು, ಇಷ್ಟೇ ಅವನ ಪ್ರಪಂಚ. ಹನ್ನೆರಡು ವರ್ಷ ಇದೇ ಕೆಲಸ ಮಾಡಿ ಮಾಡಿ ಎದುರಿಗೆ ಬಂದವರ ಮುಖ ಅವನಿಗೆ ಕಾಣುವುದೇ ನಿಂತುಹೋಗಿತ್ತು. ಕಾಣುತ್ತಿದ್ದದ್ದು ಬಾಯಿ ಮಾತ್ರ.

"ನಿಮ್ಮ ಲೈಬ್ರರಿಯ ಗುಮಾಸ್ತರು ಸಿಕ್ಕಿದ್ರು" ಎಂದು ಹೆಂಡತಿಗೆ ಹೇಳುವ.

"ಯಾವ ಗುಮಾಸ್ತರು?"

"ಅವರೇ, ಮೇಲಿನ ಎಡ ಕೋರೆ ವಾರೆ ಇದೆಯಲ್ಲ."

ಆ ಗುಮಾಸ್ತರಿಗೆ ಬುಡದಿಂದ ತುದಿಯವರೆಗೆ ಬೋಳಾದ ತಲೆಯಿತ್ತು, ಕಿವಿಯಲ್ಲಿ ಕೂದಲಿತ್ತು, ಹೆಗಲ ಮೇಲೆ ಸದಾ ಕೊಡೆಯಿತ್ತು. ಸೆಟ್ಟಣ್ಣನಿಗೆ ಕಂಡದ್ದು ಕೋರೆ.

ಅವನ ಮಗಳು ಪುಟ್ಟಿಗೆ ಆಗ ನಾಲ್ಕು ವರ್ಷ. ಅವಳ ನರ್ಸರಿಯಲ್ಲಿ ಶುಕ್ರವಾರ ಬಂತೆಂದರೆ ಒಂದು ಮಗುವಿನ ಮನೆಯವರು ಬಂದು ಒಲೆ ಹಚ್ಚದೆ ಮಾಡುವ ಒಂದು ತಿಂಡಿ ತೋರಿಸಿಕೊಡಬೇಕು. ಮಕ್ಕಳು ತಮ್ಮ ಕೈಯಾರೆ ಕಲಸಿ, ಉರುಟಿ, ಮೂತಿಗೆ ಮೆತ್ತಿಕೊಂಡು, ಉಳಿದದ್ದನ್ನು ತಿನ್ನಬೇಕು. ಅಮ್ಮಂದಿರು ಒಬ್ಬೊಬ್ಬರಾಗಿ ಬಂದು ಬಾಳೆಹಣ್ಣಿನ ರೈಲು, ಬ್ರೆಡ್ಡಿನ ಚಿಟ್ಟೆ, ಸೇಬಿನ ದೋಣಿ ಎಲ್ಲ ಮಾಡಿಸಿ ಹೋಗಿದ್ದರು. ಈಗ ಪುಟ್ಟಿಯ ಮನೆಯ ಸರದಿ. ಅವಳ ಅಮ್ಮ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು. ವರ್ಷಕ್ಕೊಮ್ಮೆ ಪುಸ್ತಕ ಎಣಿಸುವ ವಾರ ಸರಿಯಾಗಿ ಅದೇ ವಾರಕ್ಕೆ ಬಂದು ಕೂತಿತ್ತು.

"ಅದಕ್ಕೇನಂತೆ, ನಾನು ಹೋಗ್ತೀನಿ" ಎಂದ ಸೆಟ್ಟಣ್ಣ.

"ಅಪ್ಪ ಬೇಡ" ಎಂದಳು ಪುಟ್ಟಿ, ಹಾಲಿನ ಲೋಟದೊಳಗಿಂದ.

"ಯಾಕಮ್ಮ?"

"ನಿನ್ನ ಕೈ ಬಾಯೊಳಗಿನ ಕೈ ಅಂತೆ."

"ಹಾಗಂತ ಯಾರಂದ್ರು?"

"ಎಲ್ಲರೂ. ಅಜ್ಜಂದಿರ ಹಲ್ಲು ಹಿಡ್ಕೊಳೋ ಕೈಯಲ್ಲಿ ಮಾಡಿದ್ದು ನಾವು ತಿನ್ನಲ್ಲ, ಛೀ, ಅಂದ್ರು." ಪುಟ್ಟಿ ಲೋಟದ ತಳವನ್ನು ಬಹಳ ಆಸ್ಥೆಯಿಂದ ನೋಡಿದಳು. "ನಾನೂ ಅಂದೆ."

"ಏನಂದೆ?"

"ಛೀ ಅಂತ."

ಸೆಟ್ಟಣ್ಣ ತನ್ನ ಕೈಯನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ನೋಡಿಕೊಂಡ. ಆಮೇಲೆ ಎದ್ದು ನಿಂತು, ಅಡುಗೆಮನೆಯ ಬಾಗಿಲನ್ನೇ ಸಭೆ ಎಂದುಕೊಂಡು ಘೋಷಿಸಿದ: "ಬರೋ ಶುಕ್ರವಾರ ಆ ಕ್ಲಾಸಿನ ಇಪ್ಪತ್ತೆರಡು ಬಾಯೂ ಈ ಕೈಯಿಂದ ಮಾಡಿದ್ದನ್ನ ತಿಂದೇ ತಿನ್ನುತ್ವೆ. ಒಂದು ಬಾಯಿ ತಪ್ಪಿದ್ರೂ ನನ್ನ ಸೆಟ್ಟಣ್ಣ ಅನ್ಬೇಡಿ."

"ನಾನು ಯಾವತ್ತೂ ಅಂದಿಲ್ಲ" ಎಂದಳು ಹೆಂಡತಿ. "ಕೂತ್ಕೊಳಿ, ಹೇಳಿಕೊಡ್ತೀನಿ. ಬಿಸ್ಕತ್ತು ಪುಡಿ ಮಾಡಿ. ಬೀಜ ತೆಗೆದ ಖರ್ಜೂರ ಹಿಸುಕಿ. ಒಂದು ಚಮಚ ಬೆಣ್ಣೆ ಹಾಕಿ ಕಲಸಿ. ಉಂಡೆ ಕಟ್ಟಿ. ಮೇಲೆ ಅಲಂಕಾರ ಬೇಕು ಅಂದ್ರೆ ಹಾಲಿನ ಪುಡೀನ ಒಂದಿಷ್ಟು ಹಾಲಲ್ಲಿ ಗಟ್ಟಿಯಾಗಿ ನಾದಿ, ಬೆಳ್ಳಗೆ ಕಣಕ ಆಗುತ್ತೆ, ಅದರಲ್ಲಿ ಹೂವೋ ಎಲೆಯೋ ಮಾಡಿ ಅಂಟಿಸಿ. ಮೂರು ವರ್ಷದ ಮಗೂಗೂ ಬರುತ್ತೆ."

"ಪುಡಿ ಎಷ್ಟು ಗ್ರಾಂ?"

"ಕೈಗೆ ಗೊತ್ತಾಗುತ್ತೆ."

"ಒತ್ತಡ ಎಷ್ಟು ಕೊಡಬೇಕು?"

"ಏನು ಕೊಡಬೇಕು?"

ಅಳತೆಯಿಲ್ಲದೆ ಏನನ್ನೂ ಮಾಡಬಾರದು ಎನ್ನುವುದು ಸೆಟ್ಟಣ್ಣನ ವೃತ್ತಿಯ ನಿಯಮ. ಹೆಂಡತಿ ಅಳತೆ ಹೇಳದಿದ್ದ ಮೇಲೆ ಅವನು ತನಗೆ ಗೊತ್ತಿದ್ದ ಅಳತೆಯನ್ನೇ ಹಿಡಿದ. ಭಾನುವಾರ ಬೆಳಿಗ್ಗೆ ಹೊಸದೊಂದು ಅಚ್ಚಿಗೆ ಮಿಶ್ರಣ ತುಂಬಿ, ತಿರುಪಿನ ಪ್ರೆಸ್ಸಿಗಿಟ್ಟು, ಎರಡೂ ಕೈಯಿಂದ ಬಿಗಿದು, ನಲವತ್ತು ನಿಮಿಷ ಬಿಟ್ಟು ತೆಗೆದ. ಹನ್ನೆರಡು ಉಂಡೆ ಗೋಲಿಯ ಹಾಗೆ ಮಿಂಚುತ್ತಾ ಹೊರಬಂದವು. ಅಷ್ಟು ಹೊತ್ತಿಗೆ ಹೆಂಡತಿಯ ತಮ್ಮ ಬಂದ.

ಈ ಭಾವಮೈದುನನ ಪರಿಚಯ ಮಾಡಿಕೊಡದೆ ಮುಂದೆ ಹೋಗುವಂತಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಕೂಗುವುದು ಅವನ ಕೆಲಸ. ರೈಲು ತಡವಾಗಿದೆ ಎನ್ನುವ ಒಂದೇ ಸುದ್ದಿಯನ್ನು ದಿನಕ್ಕೆ ಮೂವತ್ತು ಸಲ ಹೇಳಿ ಬೇಸತ್ತು, ಅದನ್ನು ಒಂದೊಂದು ಸಲ ಒಬ್ಬೊಬ್ಬರ ಧ್ವನಿಯಲ್ಲಿ ಹೇಳುವ ಅಭ್ಯಾಸ ಮಾಡಿಕೊಂಡಿದ್ದ. ಮುದುಕಿ, ಪೊಲೀಸು, ಕೋಪಗೊಂಡ ಸೋದರತ್ತೆ, ಯಾರು ಬೇಕಾದರೂ ಅವನ ಗಂಟಲಲ್ಲಿ ಬಾಡಿಗೆಗೆ ಸಿಗುತ್ತಿದ್ದರು.

ಅವನು ಒಂದು ಉಂಡೆ ಬಾಯಿಗೆ ಹಾಕಿಕೊಂಡು ಕಚ್ಚಿದ. ಟಕ್ ಎಂದಿತು.

"ಭಾವ, ಇದು ಮಕ್ಕಳಿಗೆ ತಿಂಡಿಯಾ ಅಥವಾ ನಿಮಗೆ ಗಿರಾಕಿ ಹಿಡಿಯೋ ಉಪಾಯಾನಾ?"

ಎರಡನೆಯ ಸಲ ಸೆಟ್ಟಣ್ಣ ಕೈಯಲ್ಲೇ ಕಟ್ಟಿದ. ಬೆಣ್ಣೆಯಂಥ ಉಂಡೆ. ಭಾವಮೈದುನ ನಾಲ್ಕು ತಿಂದ. ಆದರೆ ಸೆಟ್ಟಣ್ಣನ ಮುಖದಲ್ಲಿ ಗೆಲುವಿಲ್ಲ.

"ಎಲ್ಲ ಸರಿ ಕಣೋ. ಗಾತ್ರ ಎಷ್ಟಿರಬೇಕು? ಪುಟ್ಟ ಬಾಯಿ. ದೊಡ್ಡದಾಗಿ ಗಂಟಲಿಗೆ ಸಿಕ್ಕಿಬಿಟ್ರೆ? ಇದಕ್ಕೊಂದು ಲೆಕ್ಕ ಇರಲೇಬೇಕು."

ಭಾವಮೈದುನನ ಕಣ್ಣಿನಲ್ಲಿ ದೀಪ ಹೊತ್ತಿತು. "ಇರುತ್ತೆ ಭಾವ. ಸರಕಾರ ಅಂತ ಒಂದು ಇದೆಯಲ್ಲ. ಅವರೇ ಹೇಳ್ತಾರೆ, ನೋಡ್ತಾ ಇರಿ."

ಮರುದಿನ ಹನ್ನೊಂದು ಗಂಟೆಗೆ ಫೋನು ಬಂತು. ಸೆಟ್ಟಣ್ಣ ಮೊಣಕೈವರೆಗೂ ಪ್ಲಾಸ್ಟರಿನಲ್ಲಿದ್ದ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ.

"ಹ್ಞುಂ. ನಾನು ಆಹಾರ ಸುರಕ್ಷತಾ ಅಧಿಕಾರಿ" ಎಂದಿತು ಒಂದು ಭಾರವಾದ, ಸ್ವಲ್ಪ ಶೀತ ಹಿಡಿದಂಥ ಧ್ವನಿ. "ಮಕ್ಕಳಿಗೆ ಉಂಡೆ ಕೊಡ್ತಿದ್ದೀರಂತೆ. ಅದಕ್ಕೆ ನಿಯಮ ಇದೆ. ತಮಗೆ ತಿಳಿದಿರಬೇಕು. ತಿಳಿದಿಲ್ಲ ಅಂದ್ರೆ ತಿಳ್ಕೊಂಡಿರಬೇಕಿತ್ತು."

ಸೆಟ್ಟಣ್ಣ ಎದ್ದು ನಿಂತ. "ತಿಳಿದಿಲ್ಲ ಸಾರ್. ತಪ್ಪಾಯ್ತು ಸಾರ್."

"ಐದು ವರ್ಷದ ಒಳಗಿನ ಮಕ್ಕಳಿಗೆ ಉಂಡೆ ಕೊಡುವಾಗ, ಹ್ಞುಂ, ಪ್ರತಿಯೊಂದು ಮಗುವಿನ ಬಾಯಿಯ ಅಳತೆ ತೆಗೆದು, ಮೂರು ಪ್ರತಿಯಲ್ಲಿ ಸಲ್ಲಿಸಬೇಕು."

ಈ ಮಾತನ್ನು ಒಬ್ಬ ಬೇಕರಿಯವನು ಕೇಳಿದ್ದರೆ ನಗುತ್ತಿದ್ದ. ಮೇಷ್ಟರು ಕೇಳಿದ್ದರೆ ಫೋನಿಡುತ್ತಿದ್ದರು. ಪುಟ್ಟಿಯೇ ಕೇಳಿದ್ದರೂ "ಸುಳ್ಳು" ಎನ್ನುತ್ತಿದ್ದಳು. ಇಡೀ ಊರಿನಲ್ಲಿ ಇದನ್ನು ಅತ್ಯಂತ ಸಹಜವಾದ, ನ್ಯಾಯವಾದ ಬೇಡಿಕೆ ಎಂದುಕೊಳ್ಳಬಹುದಾದ ಮನುಷ್ಯ ಒಬ್ಬನೇ ಇದ್ದ. ಫೋನು ಅವನಿಗೇ ಬಂದಿತ್ತು.

"ಸಾರ್, ಅಳತೆ ಮೇಣದಲ್ಲಾ, ಪ್ಲಾಸ್ಟರಲ್ಲಾ?"

ಕೀಟಲೆ ಮಾಡುವವನು ಇಷ್ಟು ಸಹಕಾರವನ್ನು ನಿರೀಕ್ಷಿಸಿರಲಿಲ್ಲ.

"ಮೇ... ಮೇಣದಲ್ಲಿ."

"ಮೇಲಿನ ದವಡೆ ಸಾಕಾ ಸಾರ್, ಕೆಳಗಿಂದೂ ಬೇಕಾ?"

"ಎರಡೂ ಇರಲಿ" ಎಂದ ಅಧಿಕಾರಿಗೆ ಅದೇ ಹೊತ್ತಿಗೆ ಭಯಂಕರ ಕೆಮ್ಮು ಬಂತು. ಕೆಮ್ಮಿನ ನಡುವೆ ಎಲ್ಲೋ ರೈಲು ಕೂಗಿದ್ದೂ ಕೇಳಿಸಿತು.

ಪಾಪ, ಅಷ್ಟು ಕೆಮ್ಮಿನಲ್ಲೂ ಡ್ಯೂಟಿ ಮಾಡುತ್ತಾರಲ್ಲ ಎಂದು ಸೆಟ್ಟಣ್ಣ ಕನಿಕರಪಟ್ಟ. ಭಾವಮೈದುನ ಊಟಕ್ಕೆ ಕೂತಾಗಲೆಲ್ಲ ಅದೇ ಧ್ವನಿಯಲ್ಲಿ ಸಾರು ಕೇಳುತ್ತಿದ್ದುದು ಅವನಿಗೆ ನೆನಪಾಗಲಿಲ್ಲ. ಅವನು ಯಾರ ಧ್ವನಿಯನ್ನೂ ಕೇಳಿಸಿಕೊಂಡವನಲ್ಲ. ಮಾತಾಡುವವರ ಬಾಯಿ ನೋಡುತ್ತಿದ್ದ, ಅಷ್ಟೆ. ಫೋನಿನಲ್ಲಿ ಬಾಯಿ ಕಾಣುವುದಿಲ್ಲ.

ಅಂದು ಸಂಜೆಯೇ ಕೆಲಸ ಶುರುವಾಯಿತು. ನರ್ಸರಿಯ ಮಕ್ಕಳೆಲ್ಲ ಸಂಜೆ ಆಡಲು ಬರುವ ಉದ್ಯಾನದ ಜಾರುಬಂಡೆಯ ಬುಡದಲ್ಲಿ ಸೆಟ್ಟಣ್ಣ ಒಂದು ಸ್ಟೂಲು ಹಾಕಿಕೊಂಡು ಕೂತ. ಪಕ್ಕದಲ್ಲಿ ಬೆಚ್ಚಗಿನ ನೀರಿನ ಪಾತ್ರೆ, ಅದರಲ್ಲಿ ಮೆತ್ತಗಾದ ಗುಲಾಬಿ ಮೇಣದ ತುಂಡುಗಳು. ಮೇಲಿಂದ ಜಾರಿ ಬಂದ ಮಗು ನೇರವಾಗಿ ಅವನ ಮುಂದೆ ಬಂದು ನಿಲ್ಲುತ್ತಿತ್ತು.

"ಆ ಅನ್ನು ಚಿನ್ನ. ಕಚ್ಚು. ಬಿಡು. ಜಾಣ!"

ಮಕ್ಕಳಿಗೆ ಇದು ಬಹಳ ಹಿಡಿಸಿತು. ಕೆಲವರು ಎರಡೆರಡು ಸಲ ಜಾರಿ ಬಂದು ಕಚ್ಚಿದರು. ಹಿಡಿಸದೆ ಹೋದದ್ದು ದೊಡ್ಡವರಿಗೆ.

"ಏನಿದು ಅಣ್ಣ?" ಎಂದಳು ಟೈಲರಮ್ಮ, ಮಗನ ಬಾಯಿಂದ ಮೇಣ ಎಳೆಯುತ್ತಾ. "ಅಳತೆ ತಗೊಳೋ ಕೆಲಸ ನಂದು. ನಾನೂ ಕುತ್ತಿಗೆವರೆಗೆ ಬಂದು ನಿಲ್ಲಿಸ್ತೀನಿ. ನೀವು ಅಲ್ಲಿಂದ ಮೇಲಕ್ಕೆ ಶುರು ಮಾಡಿದ್ರಾ?"

"ಸರಕಾರದ ಆಜ್ಞೆ ಅಮ್ಮ" ಎಂದ ಸೆಟ್ಟಣ್ಣ ಗಂಭೀರವಾಗಿ. "ಶುಕ್ರವಾರಕ್ಕೆ."

"ಶುಕ್ರವಾರಕ್ಕೆ ಏನು?"

"ಶುಕ್ರವಾರ ಎಲ್ಲರ ಬಾಯಿಗೂ ಸರಿಹೋಗೋ ಹಾಗೆ ಮಾಡಿಕೊಂಡು ಬರ್ತೀನಿ."

ತಿಂಡಿ ಎನ್ನುವ ಒಂದು ಪದವನ್ನು ಅವನು ಹೇಳಬಹುದಿತ್ತು. ಅದು ಅವನಿಗೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಹೇಳುವ ಅಗತ್ಯವೇ ಕಾಣಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಮೂಲೆಮನೆ ಅಜ್ಜಿ ಕೋಲೂರಿಕೊಂಡು ಎದ್ದಳು.

"ಮೊಮ್ಮಗನಿಗೆ ಈಗಲೇ ಸೆಟ್ಟಾ? ಎಂಟು ತಿಂಗಳಿಂದ ಬೊಚ್ಚುಬಾಯಲ್ಲಿ ಕೂತಿದ್ದೀನಿ, ನನಗೇ ಇನ್ನೂ ಕಟ್ಟಿಲ್ಲ! ಹುಟ್ಟಿದ ಹಲ್ಲು ಹಾಗೇ ಇರೋವಾಗ ಇವರು ಎಲ್ಲಿಗೆ ಕಟ್ಟುತ್ತಾರಂತೆ?"

ಒಳ್ಳೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಬೀದಿಯೇ ಒಂದು ಉತ್ತರ ಹೊಂದಿಸಿಕೊಡುತ್ತದೆ. ಸೋಮವಾರ ಸಂಜೆ "ಸೆಟ್ಟಣ್ಣ ಅಳತೆ ತಗೊಂಡ" ಎಂದಿದ್ದ ಮಾತು ಹಾಲಿನ ಅಂಗಡಿ ದಾಟುವಾಗ "ಹಲ್ಲು ಎಣಿಸಿದ" ಎಂದಾಯಿತು. ಕ್ಷೌರದಂಗಡಿಯಲ್ಲಿ ಒಂದು ಮಗ್ಗುಲು ಹೊರಳಿ "ಹುಳುಕಿನವರ ಪಟ್ಟಿ ಮಾಡಿದ" ಎಂದಾಯಿತು. ಬುಧವಾರ ಮಧ್ಯಾಹ್ನ ಅದು ತನ್ನ ಪೂರ್ಣ ರೂಪ ತಳೆದು ಟೈಲರಮ್ಮನ ಅಂಗಡಿಗೇ ವಾಪಸು ಬಂತು: ಶುಕ್ರವಾರ ನರ್ಸರಿಯಲ್ಲಿ ಮಕ್ಕಳ ಹಾಲುಹಲ್ಲನ್ನೆಲ್ಲ ಕಿತ್ತು ಸರಕಾರದ ಕಡೆಯಿಂದ ಹೊಸ ಸೆಟ್ಟು ಕೂರಿಸುತ್ತಾರೆ!

ತಾಯಂದಿರು ಗಾಬರಿಯಾದರು. ಇಬ್ಬರು ಅಜ್ಜಂದಿರು ಮಾತ್ರ ನರ್ಸರಿಗೆ ಹೋಗಿ, ವಯಸ್ಸಿನ ಮಿತಿ ಏನು, ನಮ್ಮನ್ನೂ ಸೇರಿಸಿಕೊಳ್ಳಬಹುದೆ ಎಂದು ವಿನಯದಿಂದ ವಿಚಾರಿಸಿದರು.

ಗುರುವಾರ ಸಂಜೆ ಹೆಂಡತಿ ಪುಸ್ತಕ ಎಣಿಸಿ ಸುಸ್ತಾಗಿ ಮನೆಗೆ ಬಂದರೆ ಊಟದ ಮೇಜಿನ ಮೇಲೆ ಇಪ್ಪತ್ತೆರಡು ಜೊತೆ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. ಒಂದೊಂದರ ಮುಂದೂ ಒಂದೊಂದು ಚೀಟಿ, ಮೂರು ಪ್ರತಿಯಲ್ಲಿ.

"ರೀ! ಏನ್ರೀ ಇದು?"

ಸೆಟ್ಟಣ್ಣ ವಿವರಿಸಿದ. ಅಧಿಕಾರಿ ಹೇಗೆ ಮಾತಾಡಿದರೆಂದು ತೋರಿಸುವಾಗ "ತಿಳಿದಿಲ್ಲ ಅಂದ್ರೆ ತಿಳ್ಕೊಂಡಿರಬೇಕಿತ್ತು" ಎಂಬಲ್ಲಿಗೆ ಬರುವುದರೊಳಗೆ ಹೆಂಡತಿ ಕುರ್ಚಿಯ ಮೇಲೆ ಕುಸಿದಿದ್ದಳು.

"ಅಯ್ಯೋ ನಿಮ್ಮ! ಅದು ನನ್ನ ತಮ್ಮನ ಹೊಸ ಧ್ವನಿ ಕಣ್ರೀ. ಎಲ್ಲಿಂದ ಕದ್ದುಕೊಂಡು ಬಂದನೋ, ತಿಂಗಳಿಂದ ನಮ್ಮನೇಲಿ ಅದೇ ಧ್ವನೀಲಿ ಉಪ್ಪಿನಕಾಯಿ ಕೇಳ್ತಿದ್ದಾನೆ!"

ಸೆಟ್ಟಣ್ಣ ದವಡೆಗಳ ಕಡೆ ನೋಡಿದ. ಇಪ್ಪತ್ತೆರಡೂ ಅವನನ್ನು ನೋಡಿ ನಗುತ್ತಿದ್ದಂತೆ ಕಂಡವು. ಮೋಸಹೋದ ಮನುಷ್ಯ ಆಮೇಲೆ ವಿಪರೀತ ಬುದ್ಧಿವಂತನಾಗುತ್ತಾನೆ. ಆ ಬುದ್ಧಿ ಅವನಿಗೆ ಬಂದು ಇನ್ನೂ ಐದು ನಿಮಿಷವಾಗಿರಲಿಲ್ಲ, ಫೋನು ಬಡಿದುಕೊಂಡಿತು.

"ನಾನು ನರ್ಸರಿಯ ಮುಖ್ಯೋಪಾಧ್ಯಾಯಿನಿ ಮಾತಾಡ್ತಿರೋದು" ಎಂದಿತು ಹೆಂಗಸಿನ ಧ್ವನಿ. ಮಕ್ಕಳೆಲ್ಲ ದೊಡ್ಡ ಮಿಸ್ಸು ಎನ್ನುತ್ತಿದ್ದ ಸಾಕ್ಷಾತ್ ದೊಡ್ಡ ಮಿಸ್ಸೇ.

ಸೆಟ್ಟಣ್ಣ ಹೆಂಡತಿಗೆ ಕಣ್ಣು ಹೊಡೆದ. "ಹೇಳಪ್ಪ ಹೇಳು."

"ಏನಂದ್ರಿ?"

"ಸುಮಾರಾಗಿದೆ. ಇನ್ನೂ ಸ್ವಲ್ಪ ಕೀರಲು ಬೇಕಿತ್ತು. ದೊಡ್ಡ ಮಿಸ್ಸು ಮೂಗಲ್ಲಿ ಮಾತಾಡ್ತಾರೆ ಅಂತ ಪುಟ್ಟಿ ದಿನಾ ಹೇಳ್ತಾಳೆ ಕಣೋ, ನೀನು ಗಂಟಲಲ್ಲಿ ಮಾತಾಡ್ತಿದ್ದೀಯ."

"ರೀ ಸ್ವಾಮಿ, ಯಾರ ಹತ್ರ ಮಾತಾಡ್ತಿದ್ದೀರ ಅಂತ ಗೊತ್ತಾ?"

"ಹಾಂ, ಈಗ ಮೂಗಿಗೆ ಬಂತು. ಭೇಷ್!"

"ನಾಳೆ ನೀವು ಬರೋದು ಬೇಡ! ಪೋಷಕರೆಲ್ಲ ಗಲಾಟೆ ಮಾಡ್ತಿದ್ದಾರೆ!"

"ಬರ್ತೀನಿ ಕಣೋ. ನನ್ನ ಮಗಳ ಮುಂದೆ ಮಾತು ಕೊಟ್ಟಿದ್ದೀನಿ. ಉಂಡೆ ಡಬ್ಬ ನೀನೇ ಹೊರಬೇಕು, ಅದೇ ನಿನಗೆ ಶಿಕ್ಷೆ. ಏಳೂವರೆಗೆ ಬಾ, ಮಂಗ."

ಫೋನಿಟ್ಟು ಅಂಗೈ ಕೊಡವಿಕೊಂಡ. ಆ ಕಡೆ ದೊಡ್ಡ ಮಿಸ್ಸು, ತಮ್ಮ ಮೂವತ್ತು ವರ್ಷದ ಸೇವೆಯಲ್ಲಿ ಮೊದಲ ಸಲ ಮಂಗ ಎನ್ನಿಸಿಕೊಂಡವರು, ಒಂದು ಲೋಟ ನೀರು ಕುಡಿದು, ಯಾವುದಕ್ಕೂ ಇರಲಿ ಎಂದು ಆಹಾರ ಸುರಕ್ಷತಾ ಅಧಿಕಾರಿಗೆ ಫೋನು ಹಚ್ಚಿದರು. ನಿಜವಾದವರಿಗೆ.

ಶುಕ್ರವಾರ ಬೆಳಿಗ್ಗೆ ಅಕ್ಕನಿಂದ ಬೈಗುಳ ತಿಂದು ಮೆತ್ತಗಾಗಿದ್ದ ಭಾವಮೈದುನ ಡಬ್ಬ ಹೊತ್ತುಕೊಂಡು ಹಿಂದೆ ಬರುತ್ತಿದ್ದ. ಪುಟ್ಟಿ ಅಪ್ಪನ ಕೈಯನ್ನು ಹಿಡಿದಿರಲಿಲ್ಲ. ಅಪ್ಪನ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದಳು.

"ಅಧಿಕಾರಿ ಪರವಾಗಿಲ್ಲ. ಮಿಸ್ಸಿಂದು ಮಾತ್ರ ಮೊದಮೊದಲು ಹಾಳಾಗಿತ್ತು" ಎಂದ ಸೆಟ್ಟಣ್ಣ, ಗೇಟಿನ ಹತ್ತಿರ.

"ಯಾವ ಮಿಸ್ಸು?"

"ನಿನ್ನೆ ಸಂಜೆಯ ಮಿಸ್ಸು."

ಭಾವಮೈದುನ ನಿಂತುಬಿಟ್ಟ. "ಭಾವ, ನಾನು ಫೋನ್ ಮಾಡಿದ್ದು ಸೋಮವಾರ ಒಂದೇ ಸಲ. ದೇವರಾಣೆ."

"ಇನ್ನೂ ನಾಟಕ! ನಡಿ ನಡಿ."

ಒಳಗೆ ಕಿಟಕಿಗೊಬ್ಬರಂತೆ ಅಮ್ಮಂದಿರು ಮುಖ ತೂರಿಸಿಕೊಂಡು ನಿಂತಿದ್ದರು. ದೊಡ್ಡ ಮಿಸ್ಸು ಕೈಕಟ್ಟಿ ನಿಂತಿದ್ದರು. ಅವರ ಪಕ್ಕದಲ್ಲಿ ಕಂಕುಳಲ್ಲಿ ಚರ್ಮದ ಚೀಲ ಅವುಚಿಕೊಂಡ ಒಬ್ಬ ದಪ್ಪ ಮನುಷ್ಯ.

"ಹ್ಞುಂ" ಎಂದ ಆತ. "ನಾನು ಆಹಾರ ಸುರಕ್ಷತಾ ಅಧಿಕಾರಿ. ಮಕ್ಕಳ ಬಾಯಿಗೆ ಏನೇನೋ ಹಾಕಿದ್ದೀರಂತೆ. ಇದಕ್ಕೆ ನಿಯಮ ಇದೆ. ತಮಗೆ ತಿಳಿದಿರಬೇಕು. ತಿಳಿದಿಲ್ಲ ಅಂದ್ರೆ..."

"ತಿಳ್ಕೊಂಡಿರಬೇಕಿತ್ತು!" ಎಂದು ಸೆಟ್ಟಣ್ಣ ಸಂತೋಷದಿಂದ ಪೂರೈಸಿದ. ಹಿಂದಕ್ಕೆ ತಿರುಗಿ ಭಾವಮೈದುನನ ಬೆನ್ನು ತಟ್ಟಿದ. "ಸ್ಟೇಷನ್ನಿಂದ ಜನಾನೇ ಕರೆಸಿಬಿಟ್ಯಲ್ಲೋ! ಒಳ್ಳೆ ತಯಾರಿ ಮಾಡಿಸಿದ್ದೀಯ. ಹೊಟ್ಟೆಗೆ ದಿಂಬು ಕಟ್ಟಿದ್ದಾ?" ಎಂದು ಅಧಿಕಾರಿಯ ಹೊಟ್ಟೆಯನ್ನು ಒಂದು ಬೆರಳಿನಿಂದ ಒತ್ತಿ ನೋಡಿದ.

ಭಾವಮೈದುನ ಡಬ್ಬದ ಹಿಂದೆ ಮುಖ ಮುಚ್ಚಿಕೊಂಡ.

"ರೀ, ಏನ್ರೀ ಇದು! ನಾನು ಯಾರು ಅಂತ..."

"ಗೊತ್ತು ಸಾರ್, ಗೊತ್ತು. ಇಪ್ಪತ್ತೆರಡು ಅಳತೆ ತಯಾರಿದೆ. ನಿಮ್ಮದೊಂದು ಬಾಕಿ." ಸೆಟ್ಟಣ್ಣನ ಜೇಬಿನಲ್ಲಿ ಮೇಣ ಯಾವಾಗಲೂ ಇರುತ್ತಿತ್ತು, ಮೈಶಾಖಕ್ಕೆ ಹದವಾಗಿ ಮೆತ್ತಗೂ ಇರುತ್ತಿತ್ತು. ಅಧಿಕಾರಿ "ಯಾರು ಅಂತ ತಿಳ್ಕೊಂಡಿದ್ದೀರಾ" ಎನ್ನಲು ಬಾಯನ್ನು ಪೂರ್ತಿ ತೆರೆದಾಗ, ಹನ್ನೆರಡು ವರ್ಷದ ಅನುಭವದ ಕೈ ಅರೆಕ್ಷಣದಲ್ಲಿ ತನ್ನ ಕೆಲಸ ಮುಗಿಸಿತು. "ಕಚ್ಚಿ. ಹಾಗೇ ಇರಿ. ಅಲ್ಲಾಡಬೇಡಿ."

"ಉಂ! ಉಂ ಉಂ!" ಎಂದರು ಅಧಿಕಾರಿ. ಬಾಯಿ ಕೆಲಸಕ್ಕೆ ಬಾರದೆ ಹೋದದ್ದರಿಂದ ಜೇಬಿಗೆ ಕೈ ಹಾಕಿ ಗುರುತಿನ ಚೀಟಿ ತೆಗೆದು ಸೆಟ್ಟಣ್ಣನ ಮೂಗಿಗೆ ಹಿಡಿದರು.

ಸೆಟ್ಟಣ್ಣ ಅಭ್ಯಾಸಬಲದಿಂದ ಮೊದಲು ಫೋಟೋದಲ್ಲಿನ ಬಾಯಿ ನೋಡಿದ. ಆಮೇಲೆ ಎದುರಿಗಿದ್ದ ಬಾಯಿ ನೋಡಿದ. ಎರಡೂ ಒಂದೇ. ಆಮೇಲೆ ಸೀಲು ನೋಡಿದ. ಸೀಲು ದುಂಡಗೆ, ನೇರಳೆ ಬಣ್ಣದಲ್ಲಿ, ಬಹಳ ನಿಜವಾಗಿತ್ತು. ದೊಡ್ಡ ಮಿಸ್ಸಿನ ಕಡೆ ನೋಡಿದ. ಅವರು ಮೂಗಿನಲ್ಲೇ ಹೇಳಿದರು: "ಹೌದು. ನಿನ್ನೆ ಮಾತಾಡಿದ್ದೂ ನಾನೇ. ಮಂಗ."

ಸೆಟ್ಟಣ್ಣ ಹತ್ತಿರದಲ್ಲಿದ್ದ ಕುರ್ಚಿಯ ಮೇಲೆ ಕೂತ. ಅದು ಮೂರು ವರ್ಷದವರ ಕುರ್ಚಿ. ಕೂರುವುದಕ್ಕೇನೋ ಬಂತು, ಏಳುವುದಕ್ಕೆ ಬರಲಿಲ್ಲ. ಎದ್ದರೆ ಕುರ್ಚಿಯೂ ಜೊತೆಗೆ ಏಳುತ್ತಿತ್ತು. ಹಾಗಾಗಿ ಕೂತೇ ಇದ್ದ. ಎದುರಿಗೆ ಅದೇ ಎತ್ತರದ ಕುರ್ಚಿಗಳಲ್ಲಿ ಪುಟ್ಟಿಯಲ್ಲದೆ ಇಪ್ಪತ್ತೊಂದು ಮಕ್ಕಳು. ಇಪ್ಪತ್ತೊಂದು ಅಂಗೈ, ಇಪ್ಪತ್ತೊಂದು ಬಾಯಿಯ ಮೇಲೆ. ಶುಕ್ರವಾರ ಹಲ್ಲು ಕೀಳುತ್ತಾರೆ ಎಂದು ಮನೆಮನೆಯಲ್ಲಿ ಕೇಳಿಸಿಕೊಂಡು ಬಂದಿದ್ದ ಮಕ್ಕಳು ಬಾಯಿಗೆ ಬೀಗ ಹಾಕಿ ಕೂತಿದ್ದವು.

"ಬಂದಿದ್ದು ಬಂದಾಯ್ತು, ಕೊಟ್ಟು ನೋಡಿ" ಎಂದರು ದೊಡ್ಡ ಮಿಸ್ಸು. "ಯಾವ ಮಗುವಾದರೂ ತಾನಾಗಿ ಬಾಯಿ ತೆರೆದರೆ ಸರಿ. ಇಲ್ಲದಿದ್ದರೆ ಡಬ್ಬ ತಗೊಂಡು ಹೊರಡಿ."

ಸೆಟ್ಟಣ್ಣ ಕುರ್ಚಿಸಮೇತ ಬಾಗಿ ಬಾಗಿ ನಲ್ಲಿಯವರೆಗೆ ಹೋದ. ಮೊಣಕೈವರೆಗೂ ಸೋಪು ಹಚ್ಚಿ ಒಂದೊಂದೇ ಬೆರಳು ತಿಕ್ಕಿ ತೊಳೆದ. ಮಕ್ಕಳು ಅಂಗೈ ತೆಗೆಯದೆ ನೋಡಿದರು. ಉಂಡೆ ತಟ್ಟೆಗೆ ಹಾಕಿ ಹಿಡಿದ. ದಪ್ಪ ಕೆನ್ನೆಯವನು ತಲೆ ಅಲ್ಲಾಡಿಸಿದ. ಎರಡು ಜಡೆಯವಳು ಕಣ್ಣನ್ನೂ ಮುಚ್ಚಿದಳು. ಟೈಲರಮ್ಮನ ಮಗ ಅಷ್ಟೂ ಸಾಲದೆಂದು ಎರಡು ಕೈಯಿಂದ ಮೂಗನ್ನೂ ಸೇರಿಸಿ ಮುಚ್ಚಿಕೊಂಡು ನೀಲಿ ತಿರುಗತೊಡಗಿದ. ತಟ್ಟೆ ಸಾಲು ಮುಗಿಸಿ ವಾಪಸು ಬಂತು. ಒಂದು ಉಂಡೆಯೂ ಕಡಿಮೆಯಾಗಿರಲಿಲ್ಲ.

ಸೆಟ್ಟಣ್ಣ ಡಬ್ಬದ ಮುಚ್ಚಳಕ್ಕೆ ಕೈ ಹಾಕಿದ.

ಆಗ ಪುಟ್ಟಿ ಎದ್ದು ಬಂದಳು. ತಟ್ಟೆಯಿಂದ ಒಂದು ತೆಗೆದು ಬಾಯಿಗೆ ಹಾಕಿಕೊಂಡಳು. ಎರಡನೆಯದನ್ನೂ ಹಾಕಿಕೊಂಡಳು. ಎರಡು ಕೆನ್ನೆಯೂ ಉಬ್ಬಿದಾಗ ಕ್ಲಾಸಿನ ಕಡೆ ತಿರುಗಿ, ಬಿಸ್ಕತ್ತಿನ ಪುಡಿ ಹಾರಿಸುತ್ತಾ ಹೇಳಿದಳು:

"ನಮ್ಮಪ್ಪ ಹಲ್ಲು ಕೀಳಲ್ಲ! ಮಾಡ್ತಾರೆ!"

ದಪ್ಪ ಕೆನ್ನೆಯವನು ಅಂಗೈಯನ್ನು ಒಂದು ಬೆರಳಿನಷ್ಟು ಸರಿಸಿದ.

"ಹುಲೀದು ಬರುತ್ತಾ?"

"ಏನು?"

"ಹುಲಿ ಹಲ್ಲು ಮಾಡೋಕೆ ಬರುತ್ತಾ?"

ಸೆಟ್ಟಣ್ಣ ಡಬ್ಬದಿಂದ ಹಾಲಿನ ಪುಡಿಯ ಬಿಳಿ ಕಣಕ ಕೈಗೆತ್ತಿಕೊಂಡ. ಹೂವೂ ಅಲ್ಲ, ಎಲೆಯೂ ಅಲ್ಲ. ಒಂದು ಉರುಟು, ಒಂದು ಚಿವುಟು, ಹೆಬ್ಬೆರಳಿನಿಂದ ಸಣ್ಣದೊಂದು ತಿರುವು. ಖರ್ಜೂರದ ಉಂಡೆಯನ್ನೇ ವಸಡು ಮಾಡಿ ಅದರ ಮೇಲೆ ಕೂರಿಸಿದಾಗ ಅದು ಎಂಥ ಕೋರೆಹಲ್ಲಾಗಿತ್ತೆಂದರೆ ಕಿಟಕಿಯಲ್ಲಿದ್ದ ಒಬ್ಬ ತಾಯಿ ಒಂದು ಹೆಜ್ಜೆ ಹಿಂದೆ ಸರಿದಳು. ದಪ್ಪ ಕೆನ್ನೆಯವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಗುರ್ ಎಂದು, ಕಚ್ಚಿ ತಿಂದ.

ಅಲ್ಲಿಗೆ ಬೀಗಗಳೆಲ್ಲ ಒಡೆದವು.

"ನಂಗೆ ಮೊಸಳೇದು!"

"ನಂಗೆ ಇಲೀದು, ಎರಡು!"

"ಆನೇದು!"

"ಆನೇದು ದಂತ ಕಣೋ, ಹಲ್ಲಲ್ಲ."

"ಅದೂ ಹಲ್ಲೇ ಮರಿ, ಹೊರಗೆ ಬಂದಿರುತ್ತೆ ಅಷ್ಟೆ" ಎಂದ ಸೆಟ್ಟಣ್ಣ, ಉರುಟುತ್ತಾ.

"ನಂಗೆ ನಮ್ಮಜ್ಜೀದು" ಎಂದ ಮೂಲೆಮನೆ ಅಜ್ಜಿಯ ಮೊಮ್ಮಗ. ಅವನಿಗೆ ಬರೀ ಖರ್ಜೂರದ ವಸಡು ಸಿಕ್ಕಿತು. ತಕರಾರಿಲ್ಲದೆ ತಿಂದ.

ಐದು ನಿಮಿಷದಲ್ಲಿ ಮಕ್ಕಳೇ ಕಣಕಕ್ಕೆ ಕೈ ಹಾಕಿದ್ದರು. ಮೇಜಿನ ಮೇಲೆ ಪ್ರಾಣಿಶಾಸ್ತ್ರಕ್ಕೆ ಗೊತ್ತಿಲ್ಲದ ಹಲ್ಲುಗಳೆಲ್ಲ ಹುಟ್ಟಿ, ಹುಟ್ಟಿದ ಮರುಗಳಿಗೆಯೇ ಹೊಟ್ಟೆ ಸೇರುತ್ತಿದ್ದವು. ಪುಟ್ಟಿ ಸೊಂಟಕ್ಕೆ ಕೈಯಿಟ್ಟುಕೊಂಡು "ಸಾಲಲ್ಲಿ ಬನ್ನಿ, ನಮ್ಮಪ್ಪಂಗೆ ತೊಂದ್ರೆ ಕೊಡಬೇಡಿ" ಎಂದು ಮೇಲ್ವಿಚಾರಣೆ ಮಾಡುತ್ತಿದ್ದಳು.

ಇಷ್ಟು ಹೊತ್ತಿಗೆ ಅಧಿಕಾರಿ ಮೇಣವನ್ನು ಕಿತ್ತು ಹೊರತೆಗೆದಿದ್ದರು. ತಟ್ಟೆಯ ಒಂದು ಉಂಡೆಯನ್ನು ಮೂಸಿ, ಮುರಿದು, ತಿಂದು, ಮತ್ತೊಂದನ್ನು ಪರೀಕ್ಷೆಯ ನೆಪದಲ್ಲಿ ತಿಂದು, ಮುಖ ಗಂಟಿಕ್ಕಿದರು.

"ಹ್ಞುಂ. ತಿಂಡಿಯಲ್ಲಿ ದೋಷ ಇಲ್ಲ. ಆದ್ರೆ ಮಕ್ಕಳ ಬಾಯಿ ಅಳತೆ ತಗೊಳ್ಳಿ ಅಂತ ನನ್ನ ಇಲಾಖೆ ಹೆಸರಲ್ಲಿ ಹೇಳಿದ್ದು ಯಾರು? ಅದು ನನಗೆ ಈಗಲೇ ತಿಳೀಬೇಕು."

ಭಾವಮೈದುನ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದ. ದೊಡ್ಡ ಮಿಸ್ಸು ಅಡ್ಡ ನಿಂತರು. ಹೆದರಿದರೆ ಅವನ ಸ್ವಂತ ಧ್ವನಿ ಓಡಿಹೋಗುತ್ತಿತ್ತು. ಕೊನೆಯದಾಗಿ ಕೇಳಿದ ಧ್ವನಿ ಅದರ ಜಾಗಕ್ಕೆ ಬಂದು ಕೂರುತ್ತಿತ್ತು.

"ಹ್ಞುಂ" ಎಂದ, ಭಾರವಾಗಿ, ಶೀತ ಹಿಡಿದ ಹಾಗೆ. "ನಾನೇ ಸಾರ್."

ಅಧಿಕಾರಿ ಸುತ್ತ ನೋಡಿದರು. "ಯಾರು ಮಾತಾಡಿದ್ದು?"

"ನಾನು ಸಾರ್. ಸ್ಟೇಷನ್ನಲ್ಲಿ ದಿನಾ ಬೆಳಿಗ್ಗೆ ರೈಲು ತಡ ಅಂತ ನನ್ನ ಕಿಟಕಿ ಮುಂದೆ ಕೂಗಾಡ್ತೀರಲ್ಲ ಸಾರ್, ಕೇಳೀ ಕೇಳೀ ಬಂದುಬಿಡ್ತು."

"ನನ್ನ ಹಾಗೆ ಮಾತಾಡಬೇಡಿ!"

"ಮಾತಾಡಲ್ಲ ಸಾರ್!"

"ಈಗಲೂ ಮಾತಾಡ್ತಿದ್ದೀರ!"

"ಈ ಧ್ವನಿ ನನ್ನ ಬಿಡ್ತಾ ಇಲ್ಲ ಸಾರ್!"

ಕಣ್ಣು ಮುಚ್ಚಿಕೊಂಡವರಿಗೆ ಒಬ್ಬನೇ ಮನುಷ್ಯ ತನ್ನನ್ನು ತಾನೇ ಬೈದುಕೊಂಡು ತಾನೇ ಕ್ಷಮೆ ಕೇಳುತ್ತಿರುವಂತಿತ್ತು. ಅಮ್ಮಂದಿರಿಗೆ ನಗು ಒತ್ತರಿಸಿ ಬಂದರೂ ಯಾರೂ ನಗಲಿಲ್ಲ. ಎಲ್ಲರ ಕಣ್ಣು ಸೆಟ್ಟಣ್ಣನ ಮೇಲೆ. ಐದು ದಿನ ಬೀದಿಯ ಬಾಯಿಗೆ ಸಿಕ್ಕವನು ಅವನು. ಊಟದ ಮೇಜಿನ ಮೇಲೆ ಇಪ್ಪತ್ತೆರಡು ದವಡೆ ಜೋಡಿಸಿದವನು ಅವನು. ಅಧಿಕಾರಿಯೂ ಅವನನ್ನೇ ಕೇಳಿದರು: "ಮೋಸ ಹೋದವರು ನೀವು. ದೂರು ಕೊಡ್ತೀರಾ? ನೀವು ಹೂಂ ಅಂದ್ರೆ ಬರಕೊಳ್ತೀನಿ."

ಭಾವಮೈದುನನ ಮುಖ ಹಾಲಿನ ಪುಡಿಯ ಹಾಗಾಯಿತು.

ಸೆಟ್ಟಣ್ಣ ಬಾಯಿ ತೆರೆದ. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ, ಆಮೇಲೆ ಅಂಟಿಕೊಂಡಿದ್ದ ಕುರ್ಚಿ. "ಮೇಣದಲ್ಲಾ ಅಂತ..." ಎಂದ. ಉಸಿರು ಕಟ್ಟಿತು. "ಮೇಣದಲ್ಲಾ, ಪ್ಲಾಸ್ಟರಲ್ಲಾ ಅಂತ ನಾನೇ ಕೇಳಿದೆ ಸಾರ್! ನಾನೇ!" ಎಂದು ತೊಡೆ ಚಚ್ಚಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಕಿಟಕಿಯ ಗಾಜು ಗುಂಯ್ ಎನ್ನುವಂತೆ ನಕ್ಕ. ಅಮ್ಮಂದಿರು ನಕ್ಕರು, ದೊಡ್ಡ ಮಿಸ್ಸು ಮೂಗಿನಲ್ಲಿ ನಕ್ಕರು, ಅಧಿಕಾರಿಯೂ ಭಾವಮೈದುನನೂ ಒಂದೇ ಧ್ವನಿಯಲ್ಲಿ ನಕ್ಕರು. ಯಾರ ನಗುವೂ ಅವನದರ ಮಟ್ಟಕ್ಕೆ ಬರಲಿಲ್ಲ.

ಅಷ್ಟಗಲ ತೆರೆದ ಬಾಯನ್ನು ಆ ಕ್ಲಾಸು ಅದುವರೆಗೆ ಕಂಡಿರಲಿಲ್ಲ. ಎರಡು ಜಡೆಯವಳು ಹತ್ತಿರ ಬಂದು ಬಗ್ಗಿ ಒಳಗೆ ಇಣುಕಿದಳು.

"ಮಿಸ್! ಪುಟ್ಟಿ ಅಪ್ಪಂಗೆ ಒಂದು ಹಲ್ಲೇ ಇಲ್ಲ!"

ಹೌದು, ಕೆಳಗೆ, ಬಲಕ್ಕೆ, ಹಿಂದುಗಡೆ. ಊರಿಗೆಲ್ಲ ಕಟ್ಟಿಕೊಡುವವನಿಗೆ ತನ್ನದೊಂದನ್ನು ಕಟ್ಟಿಕೊಳ್ಳಲು ಪುರುಸೊತ್ತು ಸಿಕ್ಕಿರಲಿಲ್ಲ.

"ಎಲ್ಲಿ? ಎಲ್ಲಿ?" ಎಂದು ಇಪ್ಪತ್ತೆರಡು ತಲೆಗಳು ಸುತ್ತುವರಿದವು. ಪುಟ್ಟಿ ತಾನೇ ಅಪ್ಪನ ಬಾಯಿಗೆ ಬೆರಳಿಟ್ಟು ಜಾಗ ತೋರಿಸಿದಳು. ಮರುಕ್ಷಣವೇ ಕಣಕದ ಬಟ್ಟಲಿಗೆ ಮುತ್ತಿಗೆ. ಇಪ್ಪತ್ತೆರಡು ಜೊತೆ ಪುಟ್ಟ ಕೈಗಳು ಉರುಟಿದವು, ಚಿವುಟಿದವು, ಒಬ್ಬರದಕ್ಕಿಂತ ಒಬ್ಬರದು ದೊಡ್ಡದಾಯಿತು.

"ಅಂಕಲ್, ಬಾಯಿ ಮುಚ್ಚಬೇಡಿ!" ಎಂದು ಅಪ್ಪಣೆಯಾಯಿತು.

ಸೆಟ್ಟಣ್ಣ ಮುಚ್ಚುವ ಸ್ಥಿತಿಯಲ್ಲೇ ಇರಲಿಲ್ಲ. ಮೊದಲ ಹಲ್ಲು ಜಾಗಕ್ಕೆ ಕೂರುವುದರೊಳಗೆ ಅವನ ನಗುವಿಗೆ ಸಿಡಿದು ಅಧಿಕಾರಿಯ ಚೀಲದ ಮೇಲೆ ಬಿತ್ತು. ಎರಡನೆಯದು ಬಿದ್ದಾಗ ಅವನು ಇನ್ನೂ ಜೋರಾಗಿ ನಗುತ್ತಿದ್ದ.